ಆಟ ಬಿಟ್ಟರೆ ಗೆಳತಿಯರೂ ಹೋಗುತ್ತಾರೆ, ಏನು ಮಾಡಲಿ?

ಪ್ರಶ್ನೆ:

"ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನನಗೆ 36 ವರ್ಷ, ಸೇಡಂ ಕಡೆಯವಳು. ಯಜಮಾನರಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗ ಏಳನೇ ಕ್ಲಾಸು. ಹೋದ ವರ್ಷ ಸುಮ್ನೆ ಟೈಂಪಾಸ್‌ಗೆ ಅಂತ ಮೊಬೈಲಿನಲ್ಲಿ ಊರು ಕಟ್ಟುವ ಆಟ ಹಾಕಿಕೊಂಡೆ. ಮೊದಲು ಒಬ್ಬಳೇ ಆಡುತ್ತಿದ್ದೆ, ಆಮೇಲೆ ಒಂದು ತಂಡಕ್ಕೆ ಸೇರಿದೆ. ಹುಬ್ಬಳ್ಳಿ, ಸೊಲ್ಲಾಪುರ, ಬೆಂಗಳೂರು, ಎಲ್ಲ ಕಡೆಯ ಹೆಣ್ಣುಮಕ್ಕಳಿದ್ದಾರೆ. ದಿನಾ ಮಾತಾಡುತ್ತೇವೆ. ಶನಿವಾರ, ಭಾನುವಾರ ತಂಡಗಳ ಪಂದ್ಯ. ಆಗ ಹರಳು (ಆಟದೊಳಗಿನ ನಾಣ್ಯ) ಖಾಲಿಯಾದರೆ ದುಡ್ಡು ಕೊಟ್ಟು ತಗೊಳ್ಳಬೇಕು. ಮೊದಲ ಸಲ 89 ರೂಪಾಯಿ ಹಾಕಿದೆ. ಹತ್ತು ತಿಂಗಳಲ್ಲಿ ಸುಮಾರು 46 ಸಾವಿರ ಹೋಗಿರಬಹುದು. ಹೊಲಿಗೆಯ ದುಡ್ಡು, ಗೃಹಲಕ್ಷ್ಮಿಯ ದುಡ್ಡು ಎಲ್ಲ ಅದಕ್ಕೇ. ಮಷೀನ್ ರಿಪೇರಿ ಅಂತ ಹೇಳಿ ಸಂಘದಲ್ಲಿ 20 ಸಾವಿರ ಸಾಲ ತೆಗೆದೆ, ಅದರಲ್ಲೂ ಅರ್ಧ ಹೋಯಿತು. ತಂಡದ ಒಬ್ಬಾಕೆ ಮಗುವಿಗೆ ಹುಷಾರಿಲ್ಲ ಅಂತ 8 ಸಾವಿರ ಹಾಕಿಸಿಕೊಂಡಳು, ವಾಪಸ್ ಕೊಟ್ಟಿಲ್ಲ. ಇನ್ನೊಬ್ಬರು ಒಂದು ಲಿಂಕ್ ಕಳಿಸಿ, 'ಇದರಲ್ಲಿ ಬಣ್ಣ ಸರಿಯಾಗಿ ಹೇಳಿದರೆ ಹಾಕಿದ್ದು ಡಬಲ್ ಆಗುತ್ತೆ, ಹೋದ ದುಡ್ಡು ದುಡಿದುಕೋ' ಅಂದಿದ್ದಾರೆ. ಇನ್ನೂ ಹಾಕಿಲ್ಲ. ಆನ್‌ಲೈನ್ ಗೇಮ್ ಬ್ಯಾನ್ ಆಗಿದೆ ಅಂತಾರೆ, ನನ್ನ ಮೇಲೆ ಕೇಸ್ ಆಗುತ್ತಾ? ಇದು ರೋಗಾನಾ? ದುಡ್ಡು ವಾಪಸ್ ಬರುತ್ತಾ? ಯಜಮಾನರಿಗೆ ಏನೂ ಗೊತ್ತಿಲ್ಲ. ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಏಳುತ್ತೇನೆ. ಬಿಡಬೇಕು ಅನಿಸುತ್ತದೆ, ಆದರೆ ನನಗಿರುವ ಗೆಳತಿಯರು ಅವರೇ. ಒಮ್ಮೊಮ್ಮೆ ಎಲ್ಲಾ ಸಾಕಾಗಿ, ಮಲಗಿದವಳು ಏಳಬಾರದು ಅನಿಸುತ್ತದೆ."

ಉತ್ತರ:

ಕೊನೆಯ ಸಾಲಿನಿಂದ ಶುರು ಮಾಡುತ್ತೇನೆ. ಆಟ, ಸಾಲ, ಯಜಮಾನರು, ಎಲ್ಲ ಆಮೇಲೆ.

"ಮಲಗಿದವಳು ಏಳಬಾರದು" ಅಂತ ಬರೆದಿದ್ದೀರಿ. ನೀವು ಎದುರಿಗೆ ಕೂತಿದ್ದರೆ ನೇರವಾಗಿ ಕೇಳುತ್ತಿದ್ದೆ: ಸಾಯಬೇಕು ಅನಿಸುತ್ತಿದೆಯಾ? ಹೇಗೆ, ಯಾವಾಗ ಅಂತ ಯೋಚನೆ ಬಂದಿದೆಯಾ? ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತೆ ಅಂತ ಬಹಳ ಜನ ನಂಬಿದ್ದಾರೆ. ಹಾಗಾಗುವುದಿಲ್ಲ. ಯಾರಾದರೂ ಕೇಳಿದರಲ್ಲ ಅಂತ ಮನಸ್ಸು ಹಗುರಾಗುವುದೇ ಜಾಸ್ತಿ. ಎರಡನೇ ಪ್ರಶ್ನೆಗೆ ನಿಮ್ಮ ಉತ್ತರ ಹೌದು ಅಂತಾದರೆ, ಮುಂದೆ ಓದುವ ಮೊದಲು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲೋ ಪಕ್ಕದಲ್ಲೋ ಒಬ್ಬರಿಗೆ "ಇವತ್ತು ನನ್ನನ್ನು ಒಬ್ಬಳೇ ಬಿಡಬೇಡಿ" ಅಂತ ಹೇಳಿ. ಕಾರಣ ಆಮೇಲೆ ಹೇಳಿದರೂ ನಡೆಯುತ್ತದೆ. ಅಷ್ಟೆಲ್ಲ ಇಲ್ಲ, ಬರೀ ಸುಸ್ತು ಮತ್ತು ನಾಚಿಕೆ ಅಂತಾದರೂ ಈ ಸಾಲನ್ನು ಒಬ್ಬ ಡಾಕ್ಟರ ಮುಂದೆ ಇನ್ನೊಮ್ಮೆ ಹೇಳಲೇಬೇಕು.

ಇನ್ನು ಪೊಲೀಸ್ ಭಯ. ಇದನ್ನು ಬೇಗ ಮುಗಿಸೋಣ. ಈ ಆಟ ಆಡಿದ್ದಕ್ಕೆ ನಿಮ್ಮ ಮೇಲೆ ಕೇಸ್ ಆಗುವುದಿಲ್ಲ.

"ಗೇಮ್ ಬ್ಯಾನ್" ಅನ್ನುವ ಮಾತಿನಲ್ಲಿ ಮೂರು ಬೇರೆ ಬೇರೆ ವಿಷಯ ಕಲಸಿಹೋಗಿವೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ನಿಲ್ಲಿಸಿದ್ದು ದೇಶದ ಭದ್ರತೆಯ ಕಾರಣ ಕೊಟ್ಟು. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಮೂರನೆಯದು 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ. ಅದು ಆಟಗಳನ್ನು ಇ-ಸ್ಪೋರ್ಟ್ಸ್ (ಕ್ರೀಡೆಯಂತೆ ನಡೆಯುವ ಸ್ಪರ್ಧೆ), ಸೋಷಿಯಲ್ ಗೇಮ್ (ಬರೀ ಮನರಂಜನೆಯ ಆಟ), ಮನಿ ಗೇಮ್ ಅಂತ ಬೇರೆ ಮಾಡುತ್ತದೆ. ದುಡ್ಡು ಹಾಕಿ ದುಡ್ಡು ಗೆಲ್ಲುವ ಆಸೆ ಇರುವುದು ಮನಿ ಗೇಮ್. ನಿಷೇಧ ಇರುವುದು ಅದಕ್ಕೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಇದೆ. ಆಡಿದವರಿಗೆ ಅದರಲ್ಲಿ ಶಿಕ್ಷೆ ಇಲ್ಲ. ನಿಮ್ಮ ಆಟದಲ್ಲಿ ಎಷ್ಟು ಗೆದ್ದರೂ ಒಂದು ರೂಪಾಯಿ ಹೊರಗೆ ಬರುವುದಿಲ್ಲ, ಅಲ್ವಾ? ಹಾಗಾದರೆ ಅದು ಸೋಷಿಯಲ್ ಗೇಮ್.

ಆದರೆ ಕಾನೂನು ಬಿಟ್ಟಿದೆ ಅಂದಮೇಲೆ ಅಪಾಯ ಇಲ್ಲ ಅಂತ ತಿಳಿಯಬೇಡಿ. ರಮ್ಮಿಯಲ್ಲಿ ಸೋತವನಿಗೆ ತಾನು ಸೋತೆ ಅಂತ ಗೊತ್ತಿರುತ್ತದೆ. ನಿಮ್ಮ ಆಟದಲ್ಲಿ ಸೋಲು ಅನ್ನುವುದೇ ಕಾಣುವುದಿಲ್ಲ. ದುಡ್ಡು ಹೋಗುತ್ತದೆ, ಊರು ಬೆಳೆಯುತ್ತದೆ, ತಂಡದವರೆಲ್ಲ ಭೇಷ್ ಅನ್ನುತ್ತಾರೆ. ಲೆಕ್ಕ ಇಡಬೇಕು ಅಂತ ಅನಿಸುವುದಾದರೂ ಯಾವಾಗ?

ನಮ್ಮ ಭಾಗದಲ್ಲಿ ಆಟದ ತೊಂದರೆ ಅಂತ ಆಸ್ಪತ್ರೆಗೆ ಬರುವವರು ಬಹುತೇಕ ಗಂಡಸರು, ಹುಡುಗರು. ತೊಗರಿ ರಾಶಿ ಮುಗಿದು ಕೈಗೆ ದುಡ್ಡು ಬಂದ ತಿಂಗಳುಗಳಲ್ಲಿ ರಮ್ಮಿ, ಬೆಟ್ಟಿಂಗ್ ಕೇಸುಗಳು ಬರುತ್ತವೆ. ರಜೆಯಲ್ಲಿ ಮಕ್ಕಳು ಆಟದೊಳಗಿನ ಡೈಮಂಡ್ ಖರೀದಿಸಿದ ಜಗಳ ಬರುತ್ತದೆ. ಹೆಣ್ಣುಮಕ್ಕಳು ಬರುವುದಿಲ್ಲ. ಬಂದರೂ ತಲೆನೋವು, ನಿದ್ದೆ ಇಲ್ಲ ಅಂತ ಬರುತ್ತಾರೆ. ಗೇಮ್ ಅಂದರೆ ಹುಡುಗರ ಚಾಳಿ ಅಂತ ಮನೆಯವರು ಅಂದುಕೊಂಡಿರುವುದರಿಂದ ಯಾರೂ ಕೇಳುವುದೂ ಇಲ್ಲ.

"ನನ್ನ ಬುದ್ಧಿಗೆ ಏನಾಗಿತ್ತು" ಅಂತ ನೀವು ನೇರವಾಗಿ ಬರೆದಿಲ್ಲ. ಪತ್ರದ ತುಂಬ ಅದೇ ಇದೆ. ಹಾಗಾಗಿ ದುಡ್ಡು ಹೇಗೆ ಹೋಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹರಳು ಅನ್ನುವುದು ಮೊದಲ ಉಪಾಯ. ಒಂದು ಸೇತುವೆಗೆ 130 ಹರಳು ಬೇಕು, ಅಂಗಡಿಯಲ್ಲಿ 100ರ ಕಟ್ಟು ಇದೆ ಅಂತ ಇಟ್ಟುಕೊಳ್ಳಿ. ಎರಡು ಕಟ್ಟು ತಗೊಂಡರೆ 70 ಉಳಿಯುತ್ತದೆ. ಆ 70 ದಂಡವಾಗಬಾರದು ಅಂತ ಮುಂದಿನ ಸಲ ಇನ್ನೊಂದು ಕಟ್ಟು. ಸೇತುವೆಗೆ ಎಷ್ಟು ರೂಪಾಯಿ ಆಯಿತು ಅಂತ ಯಾರಾದರೂ ಕೇಳಿದರೆ ನಿಮಗೆ ಹೇಳಲು ಬರುವುದಿಲ್ಲ. ಅದಕ್ಕೇ ಹಾಗೆ ಮಾಡಿರುವುದು. ಬ್ಲೌಸಿನ ಹೊಲಿಗೆ ಕೂಲಿಯಲ್ಲಿ ಹತ್ತು ರೂಪಾಯಿ ಕಡಿಮೆ ಕೇಳಿದರೆ ವಾದ ಮಾಡುವ ನೀವು ನೂರಾರು ರೂಪಾಯಿಯನ್ನು ಯೋಚಿಸದೆ ಒತ್ತಿದ್ದೀರಿ. ಕೈಯಲ್ಲಿ ನೋಟು ಇದ್ದಿದ್ದರೆ ಕೊಡುತ್ತಿರಲಿಲ್ಲ.

ಎರಡನೆಯದು ಗಡಿಯಾರ. ಈ ಸೋಷಿಯಲ್ ಆಟಗಳ ಹಳೆಯ ಮಾದರಿ ಅಂದರೆ 2009ರಲ್ಲಿ ಫೇಸ್‌ಬುಕ್‌ನಲ್ಲಿ ಬಂದ ಫಾರ್ಮ್‌ವಿಲ್. ಬಿತ್ತಿದ ಬೆಳೆಯನ್ನು ಹೊತ್ತಿಗೆ ಸರಿಯಾಗಿ ಬಂದು ಕೊಯ್ಯದಿದ್ದರೆ ಒಣಗಿಹೋಗುತ್ತಿತ್ತು. ಆಟ ನಿಮಗೆ ಬೇಕಾದಾಗ ಆಡುವುದಲ್ಲ, ಅದು ಕರೆದಾಗ ನೀವು ಬರಬೇಕು. ನಿಮ್ಮ ಎರಡು ಗಂಟೆಯ ಅಲಾರಂ ಬಂದಿದ್ದು ಅಲ್ಲಿಂದಲೇ. ಆ ಫಾರ್ಮ್‌ವಿಲ್ 2020ರ ಡಿಸೆಂಬರ್ 31ಕ್ಕೆ ಫೇಸ್‌ಬುಕ್‌ನಲ್ಲಿ ಬಂದ್ ಆಯಿತು. ಜನ ಹತ್ತು ವರ್ಷ ಬೆಳೆಸಿದ ಹೊಲಗಳು ಅವತ್ತಿಗೆ ಮುಗಿದವು. ಇಂಥ ಆಟದಲ್ಲಿ ನಾವು ಕೊಂಡದ್ದು ನಮ್ಮದಲ್ಲ, ಕಂಪನಿ ಇಟ್ಟಷ್ಟು ದಿನ ಬಳಸಲು ಬಿಟ್ಟದ್ದು ಅಷ್ಟೇ.

ಇಂಥ ಆಟಗಳೊಳಗಿನ ಅದೃಷ್ಟದ ಚಕ್ರ, ಒಳಗೇನಿದೆ ಅಂತ ತಿಳಿಯದ ಮುಚ್ಚಿದ ಪೆಟ್ಟಿಗೆ ಇವುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಯಾವಾಗ ಸಿಗುತ್ತದೆ ಅಂತ ಗೊತ್ತಿಲ್ಲದ ಬಹುಮಾನಕ್ಕೆ ಪ್ರಾಣಿಗಳೂ ಮನುಷ್ಯರೂ ಬಿಡದೆ ಒತ್ತುತ್ತಲೇ ಇರುತ್ತಾರೆ. ಸ್ಕಿನ್ನರ್ ಅನ್ನುವ ಮನಶ್ಶಾಸ್ತ್ರಜ್ಞ ಪಾರಿವಾಳಗಳ ಮೇಲೆ ಇದನ್ನು ದಶಕಗಳ ಹಿಂದೆಯೇ ತೋರಿಸಿದ್ದಾನೆ. ದುಡ್ಡು ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳು ಜೂಜೇ ಅಂತ ಬೆಲ್ಜಿಯಂ 2018ರಲ್ಲಿ ಹೇಳಿತು.

ಇವೆಲ್ಲ ಇದ್ದರೂ ನೀವು ಒಬ್ಬರೇ ಆಡುವಾಗ ದುಡ್ಡು ಹಾಕಲಿಲ್ಲ, ಗಮನಿಸಿದಿರಾ? ತಂಡ ಸೇರಿದ ಮೇಲೆ ಹಾಕಿದ್ದು. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಇದೇ.

ಮದುವೆ ಮನೆಯ ಮುಯ್ಯಿ, ನಮ್ಮ ಕಡೆ ಆಯೇರಿ ಅಂತೀವಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ನಮಗೆ ಸೀರೆ ಕೊಟ್ಟವರ ಮನೆಯಲ್ಲಿ ಕಾರ್ಯ ಬಂದರೆ ಸಾಲ ಮಾಡಿಯಾದರೂ ಕೊಡುತ್ತೇವೆ. ಅಲ್ಲಿ ಲೆಕ್ಕ ರೂಪಾಯಿಯದ್ದಲ್ಲ, ಮಾನದ್ದು. ನಿಮ್ಮ ತಂಡದಲ್ಲೂ ಅದೇ ನಡೆದಿದೆ. ಯಾರೋ ನಿಮಗೆ ಇಟ್ಟಿಗೆ ಕಳಿಸಿದರು, ನೀವು ವಾಪಸ್ ಕಳಿಸಬೇಕು. ಪಂದ್ಯದಲ್ಲಿ ನಿಮ್ಮೊಬ್ಬರ ಅಂಕ ಕಡಿಮೆಯಾದರೆ ಇಡೀ ತಂಡ ಕೆಳಗೆ ಹೋಗುತ್ತದೆ, ಯಾರಿಂದ ಹೋಯಿತು ಅಂತ ಪಟ್ಟಿಯಲ್ಲಿ ಎಲ್ಲರಿಗೂ ಕಾಣುತ್ತದೆ. ನೀವು ಕೊಂಡದ್ದು ಹರಳನ್ನಲ್ಲ. "ನಿನ್ನಿಂದ ಸೋತೆವು" ಅಂತ ಅನ್ನಿಸಿಕೊಳ್ಳದೆ ಇರುವುದನ್ನು ಕೊಂಡಿರಿ. ಆಯೇರಿಗೆ ಒಂದು ಮಿತಿ ಇದೆ, ಮದುವೆ ಮುಗಿಯುತ್ತದೆ. ಈ ಪಂದ್ಯ ಪ್ರತಿ ಶನಿವಾರ ಬರುತ್ತದೆ.

ಇದನ್ನು ಕಂಪನಿಗಳು ತಿಳಿದೇ ಮಾಡುತ್ತವೆ. ಪುಕ್ಕಟೆ ಆಟಗಳಲ್ಲಿ ಬಹುಪಾಲು ಜನ ಒಂದು ಪೈಸೆಯೂ ಹಾಕುವುದಿಲ್ಲ. ಹಾಕುವ ಸ್ವಲ್ಪ ಜನರಿಂದಲೇ ವ್ಯಾಪಾರ ನಡೆಯುತ್ತದೆ. ಆ ಸ್ವಲ್ಪ ಜನರಲ್ಲಿ ನೀವೊಬ್ಬರಾದಿರಿ. 2022ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಫೋರ್ಟ್‌ನೈಟ್ ಆಟದ ಕಂಪನಿ 52 ಕೋಟಿ ಡಾಲರ್ ಕಟ್ಟಲು ಒಪ್ಪಿಕೊಳ್ಳಬೇಕಾಯಿತು. ಅದರಲ್ಲಿ 24.5 ಕೋಟಿ ಡಾಲರ್, ಬಟನ್‌ಗಳನ್ನು ಗೊಂದಲವಾಗುವಂತೆ ಇಟ್ಟು ಜನರಿಂದ ಬೇಡದ ಖರೀದಿ ಮಾಡಿಸಿದ್ದಕ್ಕೆ. ಸರ್ಕಾರಗಳೇ ಇದನ್ನು ಆಡುವವರ ಚಪಲ ಅಂತ ಕೈಬಿಟ್ಟಿಲ್ಲ. ನೀವೂ ಪೂರ್ತಿ ತಪ್ಪನ್ನು ನಿಮ್ಮ ತಲೆಗೇ ಕಟ್ಟಿಕೊಳ್ಳಬೇಡಿ. ಸುಳ್ಳು ಹೇಳಿ ಸಾಲ ತೆಗೆದದ್ದು ಮಾತ್ರ ನಿಮ್ಮದೇ. ಅದನ್ನು ನೀವೇ ಸರಿ ಮಾಡಬೇಕು, ಮಾಡಲೂ ಆಗುತ್ತದೆ.

ಇದು ರೋಗವಾ? ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಅಂತ ಒಂದಿದೆ. 2019ರಲ್ಲಿ ಒಪ್ಪಿಗೆಯಾಗಿ 2022ರ ಜನವರಿಯಿಂದ ಜಾರಿಯಲ್ಲಿದೆ. ಮೂರು ವಿಷಯ ನೋಡುತ್ತೇವೆ. ಆಟದ ಮೇಲೆ ಹಿಡಿತ ತಪ್ಪಿದೆಯಾ? ಊಟ, ನಿದ್ದೆ, ಕೆಲಸಕ್ಕಿಂತ ಆಟ ಮುಂದೆ ಬಂದಿದೆಯಾ? ಕೆಟ್ಟದ್ದಾಗುತ್ತಿದೆ ಅಂತ ಗೊತ್ತಿದ್ದೂ ನಿಲ್ಲುತ್ತಿಲ್ಲವಾ? ಸಾಮಾನ್ಯವಾಗಿ ಇದು 12 ತಿಂಗಳು ಕಂಡಿರಬೇಕು, ಜೀವನಕ್ಕೆ ದೊಡ್ಡ ಪೆಟ್ಟು ಬಿದ್ದಿರಬೇಕು. ತೀವ್ರವಾಗಿದ್ದರೆ ಅಷ್ಟು ಕಾಯುವುದಿಲ್ಲ. ಬರೀ ತುಂಬಾ ಹೊತ್ತು ಆಡುವುದು ರೋಗವಲ್ಲ. ದಿನಕ್ಕೆ ಮೂರು ಗಂಟೆ ಲೂಡೋ ಆಡಿ ನೆಮ್ಮದಿಯಾಗಿ ಮಲಗುವವರಿದ್ದಾರೆ, ಅವರ ತಂಟೆಗೆ ನಾವು ಹೋಗುವುದಿಲ್ಲ.

ಪತ್ರ ಓದಿ ರೋಗದ ಹೆಸರು ಹಚ್ಚುವುದು ಸರಿಯಲ್ಲ. ಆದರೆ ಅಲಾರಂ, ಸಾಲ, ಸುಳ್ಳು ಮೂರೂ ಇರುವುದರಿಂದ ತಪಾಸಣೆ ಆಗಲೇಬೇಕು. ನನಗೆ ಇನ್ನೊಂದು ಸಂಶಯ ಇದೆ. ಆಟ ಶುರುವಾಗುವ ಮೊದಲು ನೀವು ಹೇಗಿದ್ದಿರಿ? ಯಜಮಾನರ ನೈಟ್ ಶಿಫ್ಟ್, ಮಗ ಶಾಲೆಗೆ, ನೀವು ಮತ್ತು ಮಷೀನು. ಆಗಲೇ ನಿದ್ದೆ ಕೆಟ್ಟಿತ್ತಾ, ಯಾವುದರಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲವಾ? ಹಾಗಿದ್ದರೆ ಖಿನ್ನತೆ ಮೊದಲು ಬಂದು, ಆಟ ಅದರ ಮೇಲೆ ಹಚ್ಚಿಕೊಂಡ ಮುಲಾಮಾಗಿರಬಹುದು. ಈ ಕ್ರಮ ಯಾಕೆ ಮುಖ್ಯ ಅಂದರೆ, ಆಟದ ಚಟಕ್ಕೆ ಅಂತಲೇ ಒಂದು ಮಾತ್ರೆ ಇಲ್ಲ, ಅದಕ್ಕೆ ಮಾತಿನ ಚಿಕಿತ್ಸೆ ಬೇಕು. ಖಿನ್ನತೆಗೆ ಒಳ್ಳೆಯ ಔಷಧಿಗಳಿವೆ. ಅದು ಬಿಟ್ಟು ಬರೀ ಆಟ ಕಿತ್ತುಕೊಂಡರೆ ಕೆಳಗಿನ ಗಾಯ ಹಾಗೇ ಉಳಿಯುತ್ತದೆ. ನಿಮ್ಮ ಕೊನೆಯ ಸಾಲನ್ನು ಡಾಕ್ಟರಿಗೆ ಹೇಳಿ ಅಂದದ್ದು ಇದಕ್ಕೇ.

(ವಾಟ್ಸಾಪ್‌ನಲ್ಲಿ ಓಡಾಡುವ "ಡೋಪಮೈನ್ ಉಪವಾಸ" ನನ್ನನ್ನು ಕೇಳಬೇಡಿ. ಡೋಪಮೈನ್ ಮೆದುಳಿನಲ್ಲೇ ಇರುವ ಒಂದು ರಾಸಾಯನಿಕ, ಬರೀ ಆಟದಿಂದ ಬರುವ ವಿಷವಲ್ಲ. ಹಸಿದಾಗ ರೊಟ್ಟಿ ನೋಡಿದರೂ ಅದಕ್ಕೆ ಕೆಲಸ ಇದೆ.)

ಈಗ ಮಾಡುವುದೇನು? ಮೊದಲು ಲೆಕ್ಕ. "ಸುಮಾರು 46 ಸಾವಿರ ಹೋಗಿರಬಹುದು" ಅಂದಿದ್ದೀರಿ. ಅಂದಾಜು ಬೇಡ. ಪ್ಲೇ ಸ್ಟೋರ್ ತೆರೆದು ಮೇಲಿನ ನಿಮ್ಮ ಚಿತ್ರ ಒತ್ತಿದರೆ ಪೇಮೆಂಟ್ಸ್ ಅಂತ ಬರುತ್ತದೆ, ಅದರೊಳಗೆ ಖರೀದಿಯ ಪೂರ್ತಿ ಇತಿಹಾಸ ಸಿಗುತ್ತದೆ. ತಾರೀಖು, ಮೊತ್ತ ಒಂದು ಹಾಳೆಯಲ್ಲಿ ಬರೆಯಿರಿ. ನನ್ನ ಅನುಭವದಲ್ಲಿ ಬಾಯಲ್ಲಿ ಹೇಳುವ ಅಂಕಿಗಿಂತ ಹಾಳೆಯ ಅಂಕಿ ಜಾಸ್ತಿಯೇ ಇರುತ್ತದೆ. ನೋಡಿ ಗಾಬರಿಯಾಗಬಹುದು, ಅದಕ್ಕೆ ಹಗಲು ಹೊತ್ತಿನಲ್ಲಿ ಮಾಡಿ. ಹಾಳೆಯಲ್ಲಿ ವಾರಗಳನ್ನೂ ನೋಡಿ. ಶನಿವಾರ, ಭಾನುವಾರ ರಾತ್ರಿಯ ಖರೀದಿ ಎಷ್ಟು ಅಂತ ನಿಮಗೇ ಕಾಣುತ್ತದೆ.

ಅಲ್ಲೇ ಸಬ್‌ಸ್ಕ್ರಿಪ್ಷನ್ ಏನಾದರೂ ಇದ್ದರೆ ರದ್ದು ಮಾಡಿ. ಆಟ ಡಿಲೀಟ್ ಮಾಡಿದ ಕೂಡಲೇ ಅದು ನಿಲ್ಲುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ, ನಿಲ್ಲುವುದಿಲ್ಲ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅನ್ನುವ ಜಾಗವನ್ನೂ ನೋಡಿ. ಯುಪಿಐ ಲೈಟ್ ಇದ್ದರೆ ತೆಗೆಯಿರಿ, ಸಣ್ಣ ಮೊತ್ತಕ್ಕೆ ಅದು ಪಿನ್ ಕೇಳುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಗುರುತು ಕೇಳುವ ಸೆಟ್ಟಿಂಗ್ ಇದೆ, ಅದನ್ನು ಹಾಕಿ. ಮಗನ ಕೈಗೂ ಇದೇ ಫೋನ್ ಹೋಗುತ್ತಿದ್ದರೆ ಅವನಿಗೂ ಇದು ಬೇಕು.

ಆಮೇಲೆ ಆಟದ ವಿಷಯ. ಆಟ ಇರಲಿ, ದುಡ್ಡು ಮಾತ್ರ ಬಂದ್ ಅನ್ನುವುದು ಕೇಳಲು ಸುಲಭ. ಬೇರೆ ಕೆಲವರಿಗೆ ಸರಿಹೋಗುತ್ತದೆ, ನಿಮಗೆ ಈಗ ಬೇಡ ಅನ್ನುತ್ತೇನೆ. ಶನಿವಾರ ಬಂದೇ ಬರುತ್ತದೆ, ಪಟ್ಟಿಯಲ್ಲಿ ನಿಮ್ಮ ಹೆಸರು ಕೆಳಗೆ ಕಾಣುತ್ತದೆ, ಕೈ ತಡೆಯುವುದು ಕಷ್ಟ. ಖಾತೆಯನ್ನೇ ಅಳಿಸಿಹಾಕುವುದು ಇನ್ನೊಂದು ದಾರಿ. ಸಿಟ್ಟಿನಲ್ಲಿ ಹಾಗೆ ಮಾಡಿದವರು ಮೂರನೇ ದಿನ ಹೊಸ ಖಾತೆ ತೆರೆದು, ಕಳೆದ ಊರನ್ನು ಬೇಗ ಕಟ್ಟಲು ಇನ್ನೂ ಜಾಸ್ತಿ ದುಡ್ಡು ಹಾಕಿದ್ದು ನೋಡಿದ್ದೇನೆ.

ನಿಮಗೆ ನನ್ನ ಸಲಹೆ ಒಂದು ತಿಂಗಳ ಪೂರ್ತಿ ಬಿಡುವು. ಖಾತೆ ಇರಲಿ, ಆಟ ಫೋನಿನಿಂದ ಹೋಗಲಿ. ಇದರಲ್ಲೂ ಕಷ್ಟ ಇದೆ. ಮೊದಲ ವಾರ ಕಿರಿಕಿರಿ, ಸಿಟ್ಟು, ಕೈ ಫೋನಿನ ಕಡೆಗೇ ಹೋಗುವುದು ಆಗುತ್ತದೆ. ಆ ಜಾಗಕ್ಕೆ ಇನ್ನೊಂದು ಆಟವೋ ರೀಲ್ಸೋ ಬಂದು ಕೂರಬಹುದು. ನಿಮಗೆ ಅತಿ ಕಷ್ಟದ ಹೊತ್ತು ಯಾವುದು ಅಂತ ಹಾಳೆಯೇ ಹೇಳಿರುತ್ತದೆ, ಆ ಹೊತ್ತಿಗೆ ಮನೆಯಲ್ಲಿ ಒಬ್ಬರೇ ಇರದಂತೆ ನೋಡಿಕೊಳ್ಳಿ. ಯಜಮಾನರು ನೈಟ್ ಶಿಫ್ಟಿನಲ್ಲಿದ್ದರೆ ಮಗನ ಜೊತೆ ತವರಿಗೋ ಅಕ್ಕನ ಮನೆಗೋ ಆ ಶನಿವಾರ ಹೋಗಿಬನ್ನಿ. ಎರಡು ಗಂಟೆಯ ಅಲಾರಂ ಮಾತ್ರ ಇವತ್ತೇ ತೆಗೆಯಿರಿ. ನಿದ್ದೆಗೆಟ್ಟ ತಲೆಯಿಂದ ಬೇರೆ ಯಾವ ತೀರ್ಮಾನವೂ ನಿಲ್ಲುವುದಿಲ್ಲ.

ಇನ್ನು ಗೆಳತಿಯರು. "ಅವರೆಲ್ಲ ಸುಳ್ಳು, ಫೋನಿನೊಳಗಿನ ಗೊಂಬೆಗಳು" ಅಂತ ನಾನು ಹೇಳುವುದಿಲ್ಲ. ಹತ್ತು ತಿಂಗಳು ದಿನಾ ಮಾತಾಡಿದವರು ಗೆಳತಿಯರೇ. ಮನೆಯವರು ಇದನ್ನು ನಕ್ಕು ತಳ್ಳಿಹಾಕಿದಾಗಲೇ ಆಡುವವರು ಬಾಗಿಲು ಮುಚ್ಚಿಕೊಳ್ಳುವುದು. ಆದರೆ ಗೆಳೆತನ ಮತ್ತು ಪಂದ್ಯ ಎರಡನ್ನೂ ಬಿಡಿಸಿ ನೋಡಬಹುದು. ಬಿಡುವ ಮೊದಲು ತಂಡಕ್ಕೆ ಒಂದು ಸಾಲು ಬರೆಯಿರಿ: "ಮನೆಯಲ್ಲಿ ದುಡ್ಡಿನ ತೊಂದರೆ ಇದೆ, ಒಂದು ತಿಂಗಳು ಆಡುವುದಿಲ್ಲ." ಕಾರಣ ವಿವರಿಸಬೇಕಿಲ್ಲ. ಬಹಳ ದಿನದಿಂದ ದನಿ ಕೇಳಿ ಮಾತಾಡಿರುವ, ನಿಮ್ಮ ಹತ್ತಿರ ಯಾವತ್ತೂ ದುಡ್ಡು ಕೇಳದ ಒಬ್ಬರೋ ಇಬ್ಬರೋ ಇದ್ದರೆ ಅವರ ಜೊತೆ ಆಟದ ಹೊರಗೆ ಫೋನಿನಲ್ಲಿ ಮಾತು ಮುಂದುವರಿಸಿ. ಕೆಲವರು ಎರಡು ವಾರದಲ್ಲಿ ಮರೆಯುತ್ತಾರೆ. ನೋವಾಗುತ್ತದೆ. ಒಬ್ಬಾಕೆ ಉಳಿದರೂ ಲಾಭವೇ.

8 ಸಾವಿರ ತಗೊಂಡಾಕೆಯದು ಬೇರೆ ಲೆಕ್ಕ. ನಿಜಕ್ಕೂ ಕಷ್ಟ ಇದ್ದಿರಬಹುದು. ತಾರೀಖು ಹಾಕಿ ಮೆಸೇಜಿನಲ್ಲೇ ವಾಪಸ್ ಕೇಳಿ, ಹಳೆಯ ಮಾತುಕತೆ ಅಳಿಸಬೇಡಿ. ಖಾತೆಯೇ ಮಾಯವಾಗಿದ್ದರೆ, ಅಥವಾ ಅದೇ ಕಥೆ ಹೇಳಿ ತಂಡದ ಇನ್ನೂ ನಾಲ್ಕು ಜನರ ಹತ್ತಿರ ಇಸಕೊಂಡಿದ್ದರೆ, 1930ಕ್ಕೆ ದೂರು ಕೊಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಬಣ್ಣ ಹೇಳುವ ಆ ಲಿಂಕ್ ಮುಟ್ಟಬೇಡಿ. ಮೇಲೆ ಹೇಳಿದ ಮನಿ ಗೇಮ್ ಅದೇ, ಅದರಲ್ಲೂ ಬಹಳಷ್ಟು ಶುದ್ಧ ಮೋಸ. ಮೊದಲು ನೂರು ಹಾಕಿದರೆ ಇನ್ನೂರು ಕೊಡುತ್ತಾರೆ, ಐದು ಸಾವಿರ ಹಾಕಿದಾಗ ದುಡ್ಡು ಹೊರಗೆ ತೆಗೆಯಲು "ಟ್ಯಾಕ್ಸ್ ಕಟ್ಟಿ" ಅನ್ನುತ್ತಾರೆ. ಸಾಲದಲ್ಲಿರುವವರನ್ನು ಹುಡುಕಿಕೊಂಡೇ ಇಂಥ ಲಿಂಕ್ ಬರುತ್ತವೆ. ಕಳಿಸಿದವರು ಎಷ್ಟೇ ಬೇಕಾದವರಾಗಿರಲಿ, ಬ್ಲಾಕ್ ಮಾಡಿ. ಸಾಲ ತೀರಿಸಲು ದಿಢೀರ್ ಲೋನ್ ಆ್ಯಪ್ ಕೂಡ ಬೇಡ. ಅವರು ನಿಮ್ಮ ಫೋನಿನ ನಂಬರುಗಳಿಗೆಲ್ಲ ಫೋನ್ ಮಾಡಿ ಮರ್ಯಾದೆ ತೆಗೆಯುವುದು ಗೊತ್ತಿದೆಯಲ್ಲ.

ಆಟದಲ್ಲಿ ಹೋದ ದುಡ್ಡು ವಾಪಸ್ ಬರುವ ಆಸೆ ಇಟ್ಟುಕೊಳ್ಳಬೇಡಿ. ಖರೀದಿಯಾಗಿ 48 ಗಂಟೆಯೊಳಗಿದ್ದರೆ ಗೂಗಲ್ ಪ್ಲೇನಲ್ಲೇ ರೀಫಂಡ್ ಕೇಳಬಹುದು. ಅದು ದಾಟಿದರೆ ಆಟದ ಕಂಪನಿಗೆ ಬರೆಯಬಹುದು, ನೀವೇ ಒಪ್ಪಿ ಕೊಂಡದ್ದನ್ನು ಅವರು ಕೊಡುವುದು ಅಪರೂಪ. "ನಾವು ವಾಪಸ್ ಕೊಡಿಸುತ್ತೇವೆ" ಅಂತ ಓಟಿಪಿ ಕೇಳುವವರು ಬರುತ್ತಾರೆ, ಅವರು ಎರಡನೇ ಸಲ ಬೋಳಿಸುವವರು.

ಸಂಘದ ಸಾಲದಲ್ಲಿ ಅರ್ಧ ಹೋಯಿತು ಅಂದಿರಿ. ಉಳಿದ ಅರ್ಧ ನಿಮ್ಮ ಹತ್ತಿರ ಇದೆಯಾ? ಇದ್ದರೆ ಮುಂದಿನ ಸಭೆಯಲ್ಲೇ ಕಟ್ಟಿಬಿಡಿ. ಖಾತೆಯಲ್ಲಿ ಇದ್ದರೆ ಅದೂ ಹರಳಾಗುತ್ತದೆ. ಸಂಘದ ಎಲ್ಲರ ಮುಂದೆ ಕಥೆ ಹೇಳುವ ಅಗತ್ಯ ಇಲ್ಲ. ಕಂತು ತಪ್ಪದಿದ್ದರೆ ಸಾಕು. ತಪ್ಪಿದರೆ ಅದು ಜೊತೆಯ ಹೆಂಗಸರ ಮೇಲೆ ಬೀಳುತ್ತದೆ, ಹಾಗಾಗಿ ಬೇರೆ ಯಾವ ಬಾಕಿಗಿಂತ ಮೊದಲು ಇದು.

ಯಜಮಾನರಿಗೆ ಹೇಳಬೇಕಾ? ಹೇಳಬೇಕು. ಹೇಳದೆ ಸಾಲ ತೀರಿಸಲು ಹೋದವರು ಇನ್ನೊಂದು ಸಾಲ ಮಾಡುತ್ತಾರೆ, ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಆದರೆ ಹೇಳುವ ಮೊದಲು ಒಂದು ಪ್ರಶ್ನೆ: ಸಿಟ್ಟು ಬಂದರೆ ಅವರು ಕೈ ಎತ್ತುವವರಾ? ಹೌದು ಅಂತಾದರೆ ಒಬ್ಬರೇ ಹೇಳಬೇಡಿ. ಅಣ್ಣನನ್ನೋ ಅತ್ತಿಗೆಯನ್ನೋ, ಅವರು ಮರ್ಯಾದೆ ಕೊಡುವ ಹಿರಿಯರನ್ನೋ ಜೊತೆಗೆ ಕೂರಿಸಿಕೊಳ್ಳಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112 ನೆನಪಿರಲಿ. ಅಂಥವರಲ್ಲ ಅಂತಾದರೆ ನೈಟ್ ಶಿಫ್ಟ್ ಮುಗಿಸಿ ಬಂದ ಬೆಳಗ್ಗೆ ಬೇಡ, ವಾರದ ರಜೆಯ ದಿನ ಊಟವಾದ ಮೇಲೆ ಹೇಳಿ. ಲೆಕ್ಕದ ಹಾಳೆ ಕೈಯಲ್ಲಿರಲಿ. "ರೀ, ನಿಮ್ಮ ಜೋಡಿ ಒಂದು ಮಾತಾಡೋದದ. ಮೊಬೈಲ್ ಆಟದಾಗ ಇಷ್ಟು ರೊಕ್ಕ ಹೋಗ್ಯಾದ. ಸಂಘದ ಸಾಲ ಇಷ್ಟದ. ನಿಲ್ಲಿಸೀನಿ, ನಿಮ್ಮ ಸಹಾಯ ಬೇಕು." ಇಷ್ಟು ಸಾಕು. ಪೂರ್ತಿ ಅಂಕಿ ಒಂದೇ ಸಲ ಹೇಳಿ. ಅರ್ಧ ಇವತ್ತು, ಅರ್ಧ ಮುಂದಿನ ತಿಂಗಳು ಅಂದರೆ ಎರಡನೇ ಸಲ ಅವರು ನಂಬುವುದಿಲ್ಲ.

ಯಜಮಾನರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಅಣ್ಣಾವ್ರೆ, ಫೋನ್ ಕಸಿದುಕೊಳ್ಳಬೇಡಿ. ಬ್ಲೌಸಿನ ಆರ್ಡರು, ಮಗನ ಶಾಲೆಯ ಮೆಸೇಜು ಎಲ್ಲ ಅದರಲ್ಲೇ ಬರುತ್ತವೆ. ಒಂದೆರಡು ತಿಂಗಳು ಹೊಲಿಗೆಯ ದುಡ್ಡು ನಿಮ್ಮಿಬ್ಬರಿಗೂ ಕಾಣುವ ಖಾತೆಗೆ ಬರಲಿ, ಅವರ ಫೋನಿನ ಯುಪಿಐ ಖಾತೆಯಲ್ಲಿ ಸಂತೆಗೆ ಬೇಕಾದಷ್ಟು ಮಾತ್ರ ಇರಲಿ. ಇದಕ್ಕೆ ಅವರ ಒಪ್ಪಿಗೆ ಇರಬೇಕು, ಎಷ್ಟು ದಿನ ಅಂತ ಮೊದಲೇ ಮಾತಾಗಿರಬೇಕು.

ತಪಾಸಣೆಗೆ ದೂರ ಹೋಗಬೇಕಿಲ್ಲ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಸೇಡಂನಲ್ಲಿ ಯಾವ ಮಂಗಳವಾರ ಅಂತ ಒಮ್ಮೆ ವಿಚಾರಿಸಿ. ಕಲಬುರಗಿಗೆ ಬರುವುದಾದರೆ ಸರ್ಕಾರಿ ಮೆಡಿಕಲ್ ಕಾಲೇಜು ಜಿಮ್ಸ್‌ನಲ್ಲಿ ಮನೋವೈದ್ಯ ವಿಭಾಗ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೇಮ್, ಫೋನ್ ತೊಂದರೆಗೆ ಅಂತಲೇ ಶಟ್ ಕ್ಲಿನಿಕ್ 2014ರಿಂದ ನಡೆಯುತ್ತಿದೆ. ಇಲ್ಲಿ ಗುಣ ಕಾಣದಿದ್ದರೆ ಅಲ್ಲಿಗೆ ಕಳಿಸುತ್ತಾರೆ. ಹೋಗುವಾಗ ಲೆಕ್ಕದ ಹಾಳೆ ಒಯ್ಯಿರಿ, ಒಂದು ವಾರ ಎಷ್ಟಕ್ಕೆ ಮಲಗಿದಿರಿ, ಎಷ್ಟಕ್ಕೆ ಎದ್ದಿರಿ ಅಂತ ಅದರ ಹಿಂದೆ ಬರೆದಿರಲಿ. ಚೀಟಿ ಮಾಡಿಸುವಾಗ ಸಾಲಿನಲ್ಲಿ ಗುರುತಿನವರಿದ್ದು ಮುಜುಗರವಾದರೆ ನಿದ್ದೆ ಬರುತ್ತಿಲ್ಲ ಅಂತ ಹೇಳಿ ಸಾಕು. ಉಳಿದದ್ದನ್ನು ಒಳಗೆ ಡಾಕ್ಟರ ಮುಂದೆ ಕೂತ ಮೇಲೆ ಹೇಳಿ.